ತೂಯಿನನ ಗುಳಿಗೆ, ಬತಾನಿಯ ಪಥ್ಯ

ಕಫ ಪರೀಕ್ಷೆಗೆಂದು ಕೊಟ್ಟ ಡಬ್ಬಿಯನ್ನು ತೂಯಿನ್ ಮೂರನೆಯ ಸಲವೂ ನದಿಗೆ ಎಸೆದ. ಹಗುರ ಡಬ್ಬಿ, ಮುಳುಗದೆ ದೋಣಿಗಳ ಸಂದಿಯಲ್ಲಿ ತೇಲಿಕೊಂಡು ಹೋಯಿತು. ಬತಾನಿ ಅದನ್ನು ನೋಡುತ್ತಲೇ ಚೀಲದಿಂದ ನಾಲ್ಕನೆಯದನ್ನು ತೆಗೆದಳು.

"ಇನ್ನೂ ಎಷ್ಟಿವೆಯೇ ನಿನ್ನ ಹತ್ರ?"

"ಇಪ್ಪತ್ತಿವೆ ಮಾವ. ನಿನ್ನ ರಟ್ಟೇಲಿ ಅಷ್ಟು ಕಸುವಿದ್ಯಾ?"

ಇರಲಿಲ್ಲ. ಹೊಲಕ್ಕೆ ಬೆಂಕಿ ಹಾಕುವ ತಿಂಗಳಿನಿಂದ ಅವನು ಕೆಮ್ಮುತ್ತಿದ್ದ. ಪಕ್ಕೆಲುಬುಗಳು ಎಣಿಸುವಂತೆ ಕಾಣುತ್ತಿದ್ದವು. ಆದರೂ ದಿನಾ ಬೆಳಿಗ್ಗೆ ಊರಿನ ಗಂಡಸರು ಕಾಡಿಗೆ ಹೊರಡುವ ಮುಂಚೆ ಅವನೆದುರು ಬಂದು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ತೂಯಿನ್ ಕೊಳವೆಯ ಒಂದು ತುದಿಯನ್ನು ಅವರ ಮೂಗಿಗೆ, ಇನ್ನೊಂದನ್ನು ತನ್ನ ಬಾಯಿಗೆ ಇಟ್ಟು ನಶ್ಯ ಊದುತ್ತಿದ್ದ. ನಲವತ್ತು ವರ್ಷದಿಂದ ಆ ಊರಿನ ಔಷಧಿ, ಹಾಡು, ನಶ್ಯ ಎಲ್ಲವೂ ಅವನವೇ. ಬತಾನಿ ಅವನ ತಂಗಿಯ ಮಗಳು. ನದಿಯ ಕೆಳಗಿನ ಪಟ್ಟಣದಲ್ಲಿ ಎರಡು ವರ್ಷ ಕಲಿತು ಬಂದು ಊರಿನ ಆರೋಗ್ಯ ಕಾರ್ಯಕರ್ತೆಯಾಗಿದ್ದಳು.

"ನಿನ್ನ ಉಸಿರು ನೇರ ಅವರ ಮೂಗಿಗೆ ಹೋಗ್ತಿದೆ. ಉಸಿರಿನ ಜೊತೆ ಏನು ಹೋಗ್ತಿದೆ ಅಂತ ನಂಗೆ ಗೊತ್ತಾಗ್ಬೇಕು."

"ನನ್ನ ಉಸಿರಿಗೆ ಪರೀಕ್ಷೆ ಇಡೋಕೆ ಹುಟ್ಟಿದ್ಯೇನೇ? ನೀನು ಹುಟ್ಟಿದಾಗ ಹೊಕ್ಕುಳಿಗೆ ಔಷಧಿ ಊದಿದ್ದು ಇದೇ ಉಸಿರು! ಥೂ ನಿನ್ನ ಪಟ್ಟಣಕ್ಕೆ—"

ಸಿಟ್ಟಿಗೆ ಕೆಮ್ಮು ಒತ್ತಿಕೊಂಡು ಬಂತು. ಬಗ್ಗಿ, ಎದೆಯ ತಳದಿಂದ ಕ್ಯಾಕರಿಸಿ ಉಗಿದ. ಬತಾನಿ ಡಬ್ಬಿ ಹಿಡಿದೇ ಇದ್ದಳು. ಮುಚ್ಚಳ ಹಾಕಿ, "ಇಷ್ಟು ಸಾಕು ಮಾವ," ಎಂದು ಎದ್ದಳು. ಜಗಲಿಯ ಮೇಲೆ ಜೋಳದ ಗಂಜಿ ಕುಡಿಯುತ್ತಿದ್ದ ಹೆಂಗಸರು ನಕ್ಕ ರಭಸಕ್ಕೆ ಗಂಜಿ ಮೂಗಿಗೇರಿತು.

ಊರಿನವರೆಲ್ಲರ ಕಫವೂ ಪಟ್ಟಣಕ್ಕೆ ಹೋಯಿತು. ಉಳಿದವರದು ಚೊಕ್ಕಟ, ತೂಯಿನನಿಗೆ ಕ್ಷಯ. ಹತ್ತು ದಿನದ ಮೇಲೆ ಬತಾನಿಯ ಮೇಲಧಿಕಾರಿ ಎಡ್ವಾನಿಯಾ ಗುಳಿಗೆಯ ಪೆಟ್ಟಿಗೆಯೊಂದಿಗೆ ದೋಣಿಯಲ್ಲಿ ಬಂದಿಳಿದಳು. ಊರು ನೆರೆದಾಗ ಕಾಗದವೊಂದನ್ನು ತೆಗೆದು ಓದಿದಳು: ನಶ್ಯ ಬಂದ್, ಇರುವ ಕೊಳವೆಗಳನ್ನೆಲ್ಲ ಕೂಡಿಸಿ ಸುಡತಕ್ಕದ್ದು.

"ಬತಾನಿ, ನೀನೇ ಮುಂದೆ ನಿಂತು ಸುಡಿಸು. ಇಲ್ಲಿ ಸಹಿ ಹಾಕು."

"ಹಾಕಲ್ಲ ಮೇಡಂ."

"ಏನಂದೆ?"

"ಗುಳಿಗೆ ನುಂಗಿಸೋದು ನನ್ನ ಕೆಲಸ, ಆರು ತಿಂಗಳೂ ನುಂಗಿಸ್ತೀನಿ. ಕಫ ಶುದ್ಧ ಅಂತ ಬರೋವರೆಗೂ ಮಾವ ಯಾರಿಗೂ ಊದಲ್ಲ. ಒಬ್ಬರ ಕೊಳವೆ ಇನ್ನೊಬ್ಬರು ಮುಟ್ಟಲ್ಲ. ಸುಡೋ ಕೆಲಸ ಮಾತ್ರ ನಂದಲ್ಲ."

"ರೋಗ ಹರಡಿದ್ರೆ ಯಾರು ಹೊಣೆ?"

"ನಾನು. ಬರ್ಕೊಳ್ಳಿ. ನಿಮ್ಮ ಆಸ್ಪತ್ರೇಲಿ ರೋಗಿ ಮಲಗಿದ್ದ ಮಂಚ ಸುಡ್ತೀರಾ? ಒರೆಸ್ತೀರಿ ತಾನೆ?"

ಮರಗೆಣಸು ಬೇಯಿಸುವ ದೊಡ್ಡ ಹಂಡೆಯನ್ನು ಅವಳು ಅಲ್ಲೇ ಒಲೆಗೇರಿಸಿದಳು. ಬಿದಿರಿನವು, ಹಕ್ಕಿಯ ಮೂಳೆಯವು, ಮಂಗನ ಮೂಳೆಯವು, ಊರಿನ ಕೊಳವೆಗಳೆಲ್ಲ ಕುದಿಯುವ ನೀರಿನಲ್ಲಿ ಉರುಳಾಡಿದವು. "ಊಟಕ್ಕೆ ಇದ್ದು ಹೋಗಿ ಮೇಡಂ, ಸಾರು ಆಗ್ತಿದೆ," ಎಂದಳೊಬ್ಬ ಮುದುಕಿ. ಎಡ್ವಾನಿಯಾ ನಗಲಿಲ್ಲ. ಕಾಗದ ಮಡಿಸಿಕೊಂಡು, "ನಿನ್ನ ಕೆಲಸ ಉಳಿಯಲ್ಲ," ಎಂದು ಹೇಳಿ ದೋಣಿ ಹತ್ತಿದಳು.

ಇಷ್ಟೆಲ್ಲ ಆದರೂ ತೂಯಿನ್ ಗುಳಿಗೆ ಮುಟ್ಟಲಿಲ್ಲ. ಅಂಗೈಯಲ್ಲಿ ಅದನ್ನು ಹೊರಳಿಸಿ ನೋಡಿ ಕೇಳಿದ:

"ಇದರ ಹಾಡು ಯಾವುದು?"

"ಗುಳಿಗೆಗೆ ಹಾಡಿಲ್ಲ ಮಾವ."

"ಮತ್ತೆ ಮೈಯೊಳಗೆ ಹೋದ್ಮೇಲೆ ಎಲ್ಲಿ ಹೋಗ್ಬೇಕು ಅಂತ ಅದಕ್ಕೆ ಯಾರು ಹೇಳ್ತಾರೆ? ಅದರೊಳಗಿನ ಒಡೆಯ ಯಾರು ಅಂತ ಗೊತ್ತಿಲ್ದೆ ಔಷಧಿ ಕೊಡ್ತೀಯಾ. ನಿಂಗೇನೂ ಕಲಿಸಿಲ್ಲ ಅವರು."

"ನೀನು ಕಲಿಸು, ಹಾಗಾದ್ರೆ."

ಬಾಯಿಗೆ ಬಂದದ್ದನ್ನು ಆಡಿಬಿಟ್ಟಿದ್ದಳು. ಮುದುಕ ಗುಳಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಆರು ತಿಂಗಳು ನಾನು ನಿನ್ನ ಗುಳಿಗೆ ನುಂಗ್ತೀನಿ. ಆರು ತಿಂಗಳು ನೀನು, ವಿದ್ಯೆ ಕಲಿಯೋರ ಹಾಗೆ, ನನ್ನ ಪಥ್ಯ ಹಿಡಿ. ಉಪ್ಪಿಲ್ಲ, ಸಿಹಿಯಿಲ್ಲ, ಮಾಂಸವಿಲ್ಲ, ಗಂಡಸಿನ ಜೊತೆ ಮಲಗೋ ಹಾಗಿಲ್ಲ. ನೀನು ಮುರಿದ ದಿನ ನಾನೂ ಉಗೀತೀನಿ."

ಊರಿನ ಮುಖಂಡ ಕೂಪಿ, ತೂಯಿನನ ಮಗ, ನೆಗೆದೆದ್ದ. "ಅಪ್ಪಾ! ಹೆಂಗಸರು ಆ ಪಥ್ಯ ಹಿಡಿದದ್ದು ನಮ್ಮ ಅಜ್ಜಂದಿರ ಕಾಲದಲ್ಲೂ ಇಲ್ಲ!"

"ನೀನು ಹಿಡಿದಿದ್ಯಲ್ಲ, ಮೂರನೇ ದಿನ ಹಂದಿ ತೊಡೆ ಕಚ್ಚಿಕೊಂಡು ಸಿಕ್ಕಿಬಿದ್ದೆ. ಕೂತ್ಕೋ."

"ಭಾವ, ನಿಂಗೆ ಬೇಕಾದ್ರೆ ಗುಳಿಗೆ ಕೊಡ್ತೀನಿ, ಪಥ್ಯ ನಂಗೇ ಬಿಡು," ಎಂದಳು ಬತಾನಿ. ಕೂಪಿ ಕೂರದೆ ಹೊರಗೆ ನಡೆದ. ಅವನ ಹಿಂದೆ ಹತ್ತು ಗಂಡಸರು ನಡೆದರು.

ಮೊದಲ ದಿನವೇ ತೂಯಿನನ ಮೂತ್ರ ಕೆಂಪಗೆ ಹೋಯಿತು. ಅವನು ಊರನ್ನೇ ಕರೆದು ತೋರಿಸಿದ. ಗುಳಿಗೆಯ ಬಣ್ಣ ಅಷ್ಟೆ ಎಂದು ಬತಾನಿ ಹೇಳಿದರೂ ಕೇಳದೆ, ಹೀಗೆ ಕೆಂಪು ಉಚ್ಚೆ ಹೊಯ್ಯಿಸುವ ಔಷಧಿಗೆ ಹಾಡಿಲ್ಲದಿದ್ದರೆ ಆಗದೆಂದು ತಾನೇ ಒಂದನ್ನು ಕಟ್ಟಿದ. ದಿನಾ ಅದನ್ನು ಹಾಡಿಯೇ ನುಂಗುತ್ತಿದ್ದ.

ಬತಾನಿಗೆ ನದಿಯ ದಡದ ಗಾಳಿಯಲ್ಲಿ, ಮಾರು ದೂರ ಕೂತು ನಶ್ಯ ಮಾಡುವ ಪಾಠ. ಮರದ ತೊಗಟೆಯನ್ನು ಬಿಳಿ ಬೂದಿಯಾಗುವವರೆಗೆ ಸುಡುವುದು, ತಂಬಾಕನ್ನು ಒಣಗಿಸಿ ಕುಟ್ಟಿ ತೆಳು ಬಟ್ಟೆಯಲ್ಲಿ ಸೋಸುವುದು, ಎರಡನ್ನೂ ಬೆರೆಸುವಾಗ ಹಾಡುವುದು. ಅವಳು ಮುನಿಸಿಕೊಂಡಿದ್ದ ದಿನ ಕುಟ್ಟಿದ್ದನ್ನು ಅವನು ಮೂಸಿ ನೋಡಿ ನೀರಿಗೆ ಚೆಲ್ಲಿಸುತ್ತಿದ್ದ. "ಊದೋರ ಮನಸ್ಸು ಗಾಳಿ ಜೊತೆ ಒಳಗೆ ಹೋಗುತ್ತೆ ಕಣೆ. ಸಿಟ್ಟು ಊದಬೇಡ." ಸಪ್ಪೆ ಬಾಳೆಕಾಯಿ ತಿಂದು ತಿಂದು ಅವಳ ಕೆನ್ನೆ ಒಳಸೇರಿತು. ಹಾದಿಯಲ್ಲಿ ಕೂಪಿಯ ಗೆಳೆಯರು ಕಬ್ಬು ಸೀಳುತ್ತಾ, "ರಸ ಬೇಕೇನೇ, ವೈದ್ಯೆ?" ಎನ್ನುತ್ತಿದ್ದರು. ಮಲಗಿದರೆ ಕನಸಿನಲ್ಲಿ ಬರೀ ಉಪ್ಪು.

ಎರಡನೆಯ ತಿಂಗಳು ಪಟ್ಟಣದ ಆಸ್ಪತ್ರೆಯವರು ಊರಿನ ವೈರ್‌ಲೆಸ್ ರೇಡಿಯೋದಲ್ಲಿ ಕೇಳಿದರು, "ಯಾರು ಮಾತಾಡ್ತಿರೋದು?"

"ಬತಾನಿ."

"ಕೆಲಸದವರ ಪಟ್ಟಿಯಲ್ಲಿ ಆ ಹೆಸರಿಲ್ಲ. ತೆಗೆದಿದ್ದಾರೆ."

"ನಿಮ್ಮ ಪಟ್ಟಿಯಲ್ಲಿಲ್ಲ, ಇಲ್ಲಿದ್ದೀನಿ. ಮುಂದಿನ ತಿಂಗಳ ಗುಳಿಗೆ ಯಾವ ದೋಣೀಲಿ ಬರುತ್ತೆ ಹೇಳಿ."

ಆ ಕಡೆ ಗರಗರದ ನಡುವೆ ಕಾಗದ ಮಗುಚಿದ ಸದ್ದಾಯಿತು. ಆಮೇಲೆ ದೋಣಿಯ ದಿನ ಹೇಳಿದರು.

ನಾಲ್ಕನೆಯ ತಿಂಗಳಿಗೆ ತೂಯಿನನ ಕೆಮ್ಮು ನಿಂತಿತು, ಮೈ ಕೂಡಿಕೊಂಡಿತು. ಕಾಡುಹಂದಿಯ ಹಿಂಡು ಸಿಕ್ಕಿ ಊರೆಲ್ಲ ಊಟಕ್ಕೆ ಕೂತ ದಿನ ಅವನು ಗುಳಿಗೆಯನ್ನು ಕೈಯಲ್ಲಿ ಹಿಡಿದು, "ನಂಗೆ ವಾಸಿಯಾಯ್ತು. ಇನ್ನು ಸಾಕು," ಎಂದ.

"ಇನ್ನೂ ಎರಡು ತಿಂಗಳಿದೆ ಮಾವ. ಈಗ ಬಿಟ್ರೆ ಇನ್ನೂ ಜೋರಾಗಿ ಬರುತ್ತೆ."

"ನನ್ನ ಮೈ ನಂಗೆ ಗೊತ್ತಿಲ್ವಾ?" ಎಂದು ಬಾಯಿಗೆ ಹಾಕಿಕೊಂಡದ್ದನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡ. ಬತಾನಿಗೆ ಕಂಡಿತು. ಎದ್ದು ಹೋಗಿ ಕೂಪಿಯ ಎಲೆಯಿಂದ ಹಂದಿಯ ತುಂಡೊಂದನ್ನು ಎತ್ತಿದಳು. ಕೊಬ್ಬು ತೊಟ್ಟಿಕ್ಕುತ್ತಿತ್ತು. ತುಟಿಯ ಹತ್ತಿರ ಹಿಡಿದು ಮುದುಕನೆದುರು ನಿಂತಳು.

"ನೀನು ಉಗಿ, ನಾನು ನುಂಗ್ತೀನಿ."

"ಹಾಡು ಅರ್ಧ ಕಲ್ತಿದ್ದೀಯಲ್ಲೇ, ಹಾಳು ಹುಡುಗಿ!"

"ಗುಳಿಗೇನೂ ಅರ್ಧ ಆಗಿದೆ."

ತೂಯಿನನ ಗಂಟಲು ಗುಳುಕ್ಕೆಂದಿತು. ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸಿದ. ಬತಾನಿ ತುಂಡನ್ನು ಕೂಪಿಯ ಎಲೆಗೆ ಹಾಕಿ, ಕೈ ತೊಳೆಯಲು ನದಿಗಿಳಿದಳು. ಅಲ್ಲಿ ನೀರಿನಲ್ಲಿ ಕೂತು ಅತ್ತಳು. ಹಸಿವೆಗೋ ಗೆಲುವಿಗೋ, ಅವಳಿಗೇ ತಿಳಿಯಲಿಲ್ಲ.

ಆರು ತಿಂಗಳಾದ ಮೇಲೆ ಕಫ ಶುದ್ಧವೆಂದು ರೇಡಿಯೋದಲ್ಲಿ ಬಂತು. ಅವಳ ಹೆಸರು ಪಟ್ಟಿಗೆ ಮರಳಿತೋ ಇಲ್ಲವೋ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಗಂಡಸರು ತಮ್ಮ ತಮ್ಮ ಕೊಳವೆ ಹಿಡಿದು ತೂಯಿನನ ಅಂಗಳಕ್ಕೆ ಬಂದರು. ಅವನು ನಶ್ಯದ ಬುಂಡೆಯನ್ನು ಬತಾನಿಯ ಮಡಿಲಿಗಿಟ್ಟ.

"ರೋಗ ಹೋಯ್ತು, ಆದ್ರೆ ಎದೆ ಮೊದಲಿನ ಹಾಗಿಲ್ಲ. ಇನ್ನು ಇವಳು ಊದ್ತಾಳೆ."

ಯಾರೂ ಮುಂದೆ ಬರಲಿಲ್ಲ. ಒಬ್ಬ ನೆಲ ನೋಡಿದ. ಇಬ್ಬರು ಬಾಣಗಳನ್ನು ಹೆಗಲಿಗೇರಿಸಿ ಹಾಗೇ ಕಾಡಿನತ್ತ ಹೊರಟರು. ಆಗ ಮುದುಕ ತಾನೇ ಅವಳೆದುರು ಕೂತು, ಗಲ್ಲ ಎತ್ತಿದ. ಬತಾನಿ ಎರಡೂ ಹೊಳ್ಳೆಗೆ ಊದಿದಳು. ಅವನ ಕಣ್ಣಲ್ಲಿ ನೀರು ಸುರಿಯಿತು. ಮೂಗು ಸೀಟಿ, ಅಂಗಳದ ಕಡೆ ತಿರುಗಿ ಹೇಳಿದ:

"ಸಿಟ್ಟಿಲ್ಲ ಇದರಲ್ಲಿ. ನೀವು ಮಾಡಿದ್ದಕ್ಕೆ ಇರಬೇಕಿತ್ತು."

ಎರಡು ದಿನ ಹೀಗೇ ಹೋಯಿತು. ಮಾವನನ್ನು ಬಿಟ್ಟರೆ ಅವಳೆದುರು ಇನ್ನೊಬ್ಬರು ಕೂರಲಿಲ್ಲ. ಅವಳು ಮಾತ್ರ ಹೊತ್ತು ಹುಟ್ಟುವ ಮೊದಲೇ ಬುಂಡೆ ಹಿಡಿದು ಅಂಗಳದಲ್ಲಿರುತ್ತಿದ್ದಳು. ಮೂರನೆಯ ದಿನ ಕೂಪಿ ಬಂದ. ಯಾರ ಮುಖವನ್ನೂ ನೋಡದೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿದ.

"ಮೆಲ್ಲಗೆ ಊದೇ."

"ನಿಮ್ಮಪ್ಪ ನಂಗೆ ಹಾಗೆ ಕಲಿಸಿಲ್ಲ ಭಾವ," ಎಂದು ಬತಾನಿ ಎದೆ ತುಂಬ ಉಸಿರೆಳೆದುಕೊಂಡಳು.