ಕೆನ್ನೆ ಉಬ್ಬಿಸಿದ ಹುಲಿ

ಮಣಿಕಂಠ ಆಲ್ಬಮ್ಮಿನ ಹಾಳೆಗಳನ್ನು ಎಷ್ಟು ಬೇಗ ಮಗುಚುತ್ತಿದ್ದನೆಂದರೆ, ಕೋಮಲಳಿಗೆ ಅವನ ಕೈ ಹಿಡಿದು ನಿಲ್ಲಿಸಬೇಕೆನಿಸಿತು. ಅರಮನೆಯ ಮುಂದಿನ ರಾಜಕುಮಾರಿ ಹೋದಳು, ಟೋಪಿ ಹಾಕಿದ ಕರಡಿ ಹೋಯಿತು, ರೈಲಿನ ಕಿಟಕಿಯಿಂದ ಇಣುಕುವ ಮೊಲಗಳೂ ಹೋದವು. ಕೊಳ್ಳೇಗಾಲದ ಈ ಪ್ರಿಂಟಿಂಗ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಅವಳು ಮಾಡಿದ ಹುಟ್ಟುಹಬ್ಬದ ಕಾರ್ಡುಗಳೆಲ್ಲ ಆ ಹುಡುಗನ ಬೆರಳಡಿ ಅರ್ಧ ನಿಮಿಷದಲ್ಲಿ ಮುಗಿದುಹೋದವು. ಕೊನೆಯ ಹಾಳೆಗೆ ಬಂದು ಅವನು ನಿಂತುಬಿಟ್ಟ.

"ಅಜ್ಜಿ, ಈ ಹುಲಿ."

ಹುಲಿ ಕೇಕಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿತ್ತು. ಮೇಣದಬತ್ತಿ ಆರಿಸಲು ಎರಡೂ ಕೆನ್ನೆ ಉಬ್ಬಿಸಿ ಒಂದು ಕಣ್ಣು ಮುಚ್ಚಿಕೊಂಡಿತ್ತು. ಒಂದು ಕಿವಿ ಮಡಚಿತ್ತು. ಮೀಸೆಗೆ ಕೇಕು ಮೆತ್ತಿತ್ತು, ಅಂದರೆ ದೀಪ ಆರಿಸುವ ಮೊದಲೇ ಕದ್ದು ತಿಂದಿದೆ. ಮಕ್ಕಳಿಗೆ ಅದು ನೋಡಿದ ತಕ್ಷಣ ತಿಳಿಯುತ್ತಿತ್ತು. ಕೋಮಲಳಿಗೆ ತಿಳಿಯಲು ಎರಡು ದಿನ ಹಿಡಿದಿತ್ತು.

"ಅದ್ನೇ ಮಾಡ್ಕೊಡವ್ವ. ನೋಡು, ಹೈದ ಆಗ್ಲೇ ನಗ್ತಾ ಅವ್ನೆ," ಎಂದರು ಹುಡುಗನ ಅಜ್ಜಿ ದೊಡ್ಡಬಸಮ್ಮ. ಅವರೂ ಕೋಮಲಳೂ ಧನಗೆರೆಯವರೇ, ಒಂದೇ ಬೀದಿ. "ನೀನಿಯಾ ಬರ್ದದ್ದು?"

"ಅಲ್ಲ ಕಣಜ್ಜಿ. ಅಗೋ, ಆ ಹುಡುಗಿ."

ಆ ಹುಡುಗಿ, ಕವಿತ, ಮೂಲೆಯ ಮೇಜಿನಿಂದ ತಲೆಯೆತ್ತಿ ನಾಚಿಕೊಂಡಳು. ರಾಮಾಪುರದಿಂದ ಹನೂರಿನ ಮೇಲೆ ಬಸ್ಸಿನಲ್ಲಿ ಬರುತ್ತಿದ್ದಳು. ಸೇರಿ ಎರಡು ತಿಂಗಳು. ಮೂರು ತಿಂಗಳು ನೋಡಿ ಆಮೇಲೆ ಕೆಲಸಕ್ಕೆ ಇಟ್ಟುಕೊಳ್ಳುವ ಮಾತು ಹೇಳುತ್ತೇನೆಂದಿದ್ದರು ಮಾಲೀಕ ಮಲ್ಲಿಕಾರ್ಜುನಸ್ವಾಮಿ. ಕೋಮಲ ಕಂಪ್ಯೂಟರಿನಲ್ಲಿರುವ ಚಿತ್ರಗಳಲ್ಲೊಂದನ್ನು ಆರಿಸಿ, ಟೋಪಿಯ ಬಣ್ಣ ಬದಲಿಸಿ, ಹೆಸರು ಕೂರಿಸುತ್ತಿದ್ದಳು. ಈ ಹುಡುಗಿಯೋ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಆಮೇಲೆ ಕಂಪ್ಯೂಟರಿಗೆ ಏರಿಸುತ್ತಿದ್ದಳು.

"ಇಂಥಾ ಮುಖ ಎಲ್ಲಿ ಸಿಕ್ತು ನಿಂಗೆ?" ಎಂದು ಕೋಮಲ ಒಮ್ಮೆ ಕೇಳಿದ್ದಳು. ಇಂಟರ್‌ನೆಟ್ಟಿನಿಂದ ಕದ್ದದ್ದು ಎಂದು ಗೊತ್ತಾದರೆ ಸಮಾಧಾನವಾಗುತ್ತಿತ್ತು.

"ನಮ್ಮಪ್ಪ ಒಲೆ ಊದೋವಾಗ ಇಂಗೇ ಮಾಡೋದು ಅಕ್ಕ. ಹೊಗೆಗೆ ಒಂದು ಕಣ್ಣು ಮುಚ್ಕತಾರೆ."

ಕೋಮಲಳ ಅಪ್ಪನೂ ಒಲೆ ಊದಿದ್ದ. ಅವಳು ಆ ಮುಖವನ್ನು ಒಂದು ದಿನವೂ ನೋಡಿರಲಿಲ್ಲ. ಅವಳಿಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ, ಹೊಟ್ಟೆಯೇ ಉರಿದದ್ದು. ಹುಡುಗಿ ಕೆಟ್ಟವಳಾಗಿದ್ದರೆ ಸ್ವಲ್ಪ ಆಸರೆಯಾದರೂ ಸಿಗುತ್ತಿತ್ತು. ಊಟದ ಡಬ್ಬಿಯಿಂದ ಮೊದಲ ತುತ್ತನ್ನು ಕೋಮಲಳ ಮುಚ್ಚಳಕ್ಕೆ ಹಾಕಿ ಆಮೇಲೆ ತಾನು ತಿನ್ನುವ ಹುಡುಗಿ ಅವಳು.

ಅಜ್ಜಿ ಮೊಮ್ಮಗ ಹೊರಟ ಮೇಲೆ ಮಲ್ಲಿಕಾರ್ಜುನಸ್ವಾಮಿ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು. "ಕೋಮಲಮ್ಮ, ಮುಂದಿನ ತಿಂಗ್ಳಿಂದ ಮಕ್ಕಳ ಕಾರ್ಡೆಲ್ಲ ಕವಿತಂಗೇ ಬುಟ್ಬುಡಿ. ನೀವು ಮದ್ವೆ, ಗೃಹಪ್ರವೇಶ ನೋಡ್ಕಳಿ."

"ಆಗ್ಲಿ ಸಾ," ಎಂದಳು ಕೋಮಲ. ಮದುವೆ ಕಾರ್ಡನ್ನು ಯಾರೂ ನೋಡಿ ನಗುವುದಿಲ್ಲ. ದಿನಾಂಕ ನೋಡುತ್ತಾರೆ, ಊಟ ಎಲ್ಲಿ ಎಂದು ನೋಡುತ್ತಾರೆ, ಮೊಳೆಗೆ ಸಿಕ್ಕಿಸುತ್ತಾರೆ.

ಸಂಜೆಯ ಹೊತ್ತಿಗೆ ಕವಿತ ಕಾರ್ಡನ್ನು ಮುಗಿಸಿ, ಒಂದು ಪ್ರತಿ ತೆಗೆದು ತಂದಳು. "ನೀವು ಒಂದ್ಸಲ ನೋಡ್ಬುಟ್ರೆ ನಂಗೆ ಧೈರ್ಯ ಅಕ್ಕ." ಒಂದು ವರ್ಷದಿಂದ ಕೋಮಲ ಓದದ ಕಾರ್ಡು ಆ ಅಂಗಡಿಯಲ್ಲಿ ಮೆಷಿನ್ನಿಗೆ ಹೋಗಿದ್ದೇ ಇಲ್ಲ. ಅವಳು ಬೆರಳಿಟ್ಟು ಓದಿದಳು. ಹುಡುಗನ ಹೆಸರು ಸರಿ. ದಿನ, ಹೊತ್ತು, ಸ್ಥಳ ಸರಿ. ಕೆಳಗೆ ಅಜ್ಜ, ಅಜ್ಜಿ, ದೊಡ್ಡಪ್ಪ, ಅಪ್ಪ ಎಲ್ಲರೂ ಅವರವರ ಸಾಲಿನಲ್ಲಿದ್ದಾರೆ. ಮೇಲೆ ನೋಡಿದಳು. ಹುಲಿಯ ಕಿವಿಯ ಮೇಲೆ ನೀಲಿ ಆಕಾಶ, ಬಲೂನು. ಅಷ್ಟೇ.

ದೊಡ್ಡಬಸಮ್ಮನವರು ಕೊಟ್ಟ ಚೀಟಿಯ ಮೊದಲ ಸಾಲಿನಲ್ಲಿ 'ಶ್ರೀ ಮಲೆ ಮಹದೇಶ್ವರಸ್ವಾಮಿ ಪ್ರಸನ್ನ' ಎಂದಿತ್ತು. ಬಲೂನಿನ ಭರದಲ್ಲಿ ಹುಡುಗಿ ಅದನ್ನು ಬಿಟ್ಟಿದ್ದಳು. ದೇವರ ಹೆಸರಿಲ್ಲದ ಕಾರ್ಡನ್ನು ಈ ಕಡೆಯ ಹಿರಿಯರು ಕೈಯಲ್ಲೂ ಮುಟ್ಟುವುದಿಲ್ಲ. ಹೋದ ವರ್ಷ ಯಳಂದೂರಿನ ಒಬ್ಬರು ಇದೇ ಕಾರಣಕ್ಕೆ ಕಟ್ಟುಕಟ್ಟು ಕಾರ್ಡನ್ನು ತಂದು ಕೌಂಟರಿನ ಮೇಲೆ ಸುರಿದು ಹೋಗಿದ್ದರು. ಆಗ ಮೆಷಿನ್ನಿನ ಮುಂದಿದ್ದವನಿಗೆ ಮಾರನೆಯ ದಿನದಿಂದ ಕೆಲಸವಿರಲಿಲ್ಲ.

"ಸರಿಯಾಗೇ ಅದೆ. ಕಳ್ಸು," ಎಂದಳು ಕೋಮಲ.

ಮೆಷಿನ್ನು ಶುರುವಾಯಿತು. ಹತ್ತು ಕಾರ್ಡು ಆಗುವಷ್ಟರಲ್ಲಿ ನಿಲ್ಲಿಸಬಹುದಿತ್ತು, ಐವತ್ತಾಗುವಷ್ಟರಲ್ಲೂ ನಿಲ್ಲಿಸಬಹುದಿತ್ತು. ಅವಳು ಅಗರದ ಯಾರದೋ ಮದುವೆಯ ಕಾರ್ಡನ್ನು ಎದುರಿಗಿಟ್ಟುಕೊಂಡು ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತ ಕೂತಳು.

ಮೂರನೆಯ ದಿನ ದೊಡ್ಡಬಸಮ್ಮ ಬಂದರು. ಸೆರಗಿನ ಗಂಟಿನಲ್ಲಿ ಅರಿಸಿನ ಕುಂಕುಮದ ಪೊಟ್ಟಣ ತಂದಿದ್ದರು. ಅವರಿಗೆ ಓದು ಬಾರದು. ಆದರೂ ಕಾರ್ಡಿನ ನೆತ್ತಿಯ ಮೇಲಿನ ಸಾಲು ದೇವರದು, ಅಲ್ಲಿ ಕುಂಕುಮ ಇಡಬೇಕು ಎಂಬುದು ಗೊತ್ತಿತ್ತು. ಬೆರಳನ್ನು ಕುಂಕುಮಕ್ಕೆ ಅದ್ದಿ ಕಾರ್ಡಿನ ಮೇಲಕ್ಕೆ ತಂದರು. ಬೆರಳು ಗಾಳಿಯಲ್ಲೇ ನಿಂತಿತು.

"ದೇವ್ರೆಸ್ರು ಎಲ್ಲದವ್ವ?"

ಈ ಮಾತಿಗಾಗಿಯೇ ಕೋಮಲ ಮೂರು ದಿನ ಕಾದಿದ್ದಳು. "ಬುಟ್ಟೋಗದೆ ಕಣಜ್ಜಿ," ಎಂದಳು ಮೆಲ್ಲಗೆ. "ಕವಿತ ಮಾಡಿದ್ದು."

ಕವಿತ ಮೂಲೆಯ ಮೇಜಿನಿಂದ ಎದ್ದು ನಿಂತಳು. ಮಲ್ಲಿಕಾರ್ಜುನಸ್ವಾಮಿ ಕುರ್ಚಿಯಿಂದ ಎದ್ದು ಬಂದು ಕಾರ್ಡನ್ನು ನೋಡಿದರು, ಆಮೇಲೆ ಕೋಮಲಳನ್ನು ನೋಡಿದರು. "ನೀವು ಓದ್ನಿಲ್ವಾ?"

ಕೋಮಲ ಬಾಯಿ ತೆರೆಯುವ ಮೊದಲೇ ಕವಿತ ಅಂದಳು, "ಅಕ್ಕಂದು ತಪ್ಪಿಲ್ಲ ಸಾ. ನಾನೇ ಆತುರ ಮಾಡ್ದೆ. ತೋರಿಸ್ನಿಲ್ಲ."

ಅದನ್ನು ಕೇಳಿ ಕೋಮಲಳಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಆದದ್ದು ಸಿಟ್ಟು. ಇದರಲ್ಲೂ ಇವಳೇ ಮೇಲಾದಳಲ್ಲ ಎಂಬ ಸಿಟ್ಟು.

ಅಷ್ಟರಲ್ಲಿ ದೊಡ್ಡಬಸಮ್ಮ ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದು, ಹುಲಿಯನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. "ಎಸ್ರಿಲ್ದಿದ್ರೆ ಏನಂತೆ ಬುಡು," ಎಂದರು ಕೊನೆಗೆ. "ಮಲೆ ಮಾದಪ್ಪನ ವಾಹನವೇ ಬಂದು ಕುಂತದಲ್ಲ. ನನ್ ಮೊಮ್ಮಗನ ಕೇಕು ತಿನ್ನಕೆ ಬೆಟ್ಟ ಇಳ್ದು ಬಂದದ." ಹುಲಿಯ ಹಣೆಗೆ ಕುಂಕುಮವಿಟ್ಟು, ಕಾರ್ಡನ್ನು ಕಣ್ಣಿಗೊತ್ತಿಕೊಂಡು, ಪಕ್ಕಕ್ಕಿಟ್ಟರು. "ಇದು ಬೆಟ್ಟಕ್ಕೆ." ಇನ್ನೊಂದಕ್ಕೂ ಕುಂಕುಮವಿಟ್ಟು ಕೋಮಲಳ ಕೈಗೆ ಕೊಟ್ಟರು. "ಇದು ನಿನ್ ಕೂಸ್ಗೆ. ಮರೀದೆ ಕರ್ಕಂಡು ಬಾ." ಕವಿತ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಮಲ್ಲಿಕಾರ್ಜುನಸ್ವಾಮಿ ನಗುತ್ತ ಕಾರ್ಡಿನ ಕಟ್ಟಿಗೆ ತಾವೇ ದಾರ ಸುತ್ತಿದರು.

ಧನಗೆರೆಗೆ ಬಸ್ಸಿಳಿಯುವಾಗ ಇನ್ನೂ ಬಿಸಿಲಿತ್ತು. ಕಾರ್ಡನ್ನು ಬಸ್ಸಿನಲ್ಲೇ ಬಿಟ್ಟುಬಿಡಬೇಕೆಂದು ಅವಳು ಎರಡು ಸಲ ಅಂದುಕೊಂಡಿದ್ದಳು. ಮನೆಯ ಜಗಲಿಯಲ್ಲಿ ಆರು ವರ್ಷದ ಮಗಳು ಶೃತಿ ಹೋಂವರ್ಕ್ ಮಾಡುತ್ತಿದ್ದಳು. ಚೀಲದಿಂದ ಇಣುಕಿದ ಬಲೂನನ್ನು ಕಂಡು ಕಾರ್ಡನ್ನು ಎಳೆದುಕೊಂಡಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಂಥ ನಗು ನಕ್ಕಳೆಂದರೆ ಪೆನ್ಸಿಲು ಉರುಳಿ ಅಂಗಳಕ್ಕೆ ಬಿತ್ತು.

"ಕೇಕ ಆಗ್ಲೇ ಕದ್ದು ತಿಂದದ ಕಣವ್ವ. ಮೀಸೆ ನೋಡು."

ಜನವರಿಯಲ್ಲಿ ಶೃತಿಯ ಹುಟ್ಟುಹಬ್ಬಕ್ಕೆ ಕೋಮಲ ಒಂದು ವಾರ ಕೂತು ರಾಜಕುಮಾರಿಯ ಕಾರ್ಡು ಮಾಡಿದ್ದಳು. 'ಚೆನ್ನಾಗಿ ಅದೆ' ಅಂದಿದ್ದಳು ಮಗಳು. ನಕ್ಕಿರಲಿಲ್ಲ.

"ಅವ್ವ, ನೀನಿಯಾ ಬರ್ದದ್ದು?"

"ಹೂಂ," ಎಂದಳು ಕೋಮಲ. ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

ಶೃತಿ ಅವಳನ್ನು ನೋಡಿದಳು. ಎರಡು ತಿಂಗಳಿಂದ ಕೋಮಲ ಹಂಬಲಿಸಿದ್ದು ಇದೇ ನೋಟಕ್ಕೆ. ಮಗಳು ಒಳಗೆ ಓಡಿ, ಜನವರಿಯಲ್ಲಿ ಉಳಿದಿದ್ದ ಕಾರ್ಡುಗಳ ಕಟ್ಟನ್ನು ತಂದಳು. ಅವುಗಳ ಬೆನ್ನಿಗೆಲ್ಲ ಲೆಕ್ಕ ಮಾಡಿಯಾಗಿತ್ತು. ಖಾಲಿ ಇದ್ದದ್ದೊಂದನ್ನು ಹುಡುಕಿ, ರಾಜಕುಮಾರಿಯನ್ನು ನೆಲಕ್ಕೆ ಬೋರಲು ಹಾಕಿ, ಅಂಗಳಕ್ಕೆ ಬಿದ್ದಿದ್ದ ಪೆನ್ಸಿಲನ್ನು ಎತ್ತಿ ಅವ್ವನ ಕೈಗಿಟ್ಟಳು.

"ನಂಗೂ ಒಂದು ಬರಿ. ಇದ್ರಂಗೆಯ. ನೋಡ್ದೆ ಬರಿ." ಹುಲಿಯ ಕಾರ್ಡನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡಳು.

ಕೋಮಲ ಒಂದು ಸುತ್ತು ಬರೆದಳು. ಎರಡು ಕಿವಿ ಬರೆದಳು, ಒಂದನ್ನು ಮಡಚಿದಳು. ಕೆನ್ನೆಗೆ ಬಂದು ಪೆನ್ಸಿಲು ನಿಂತಿತು.

"ಇಂಗೆ," ಎಂದು ಶೃತಿ ತಾನೇ ಎರಡೂ ಕೆನ್ನೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ, ಅವ್ವ ನೋಡಿಕೊಂಡು ಬರೆಯಲೆಂದು ಮುಖವನ್ನು ಹತ್ತಿರಕ್ಕೆ ತಂದಳು. ಉಸಿರು ಕಟ್ಟಿ ಹಾಗೆಯೇ ಕೂತಳು. ಅವಳ ಮುಖ ಕೆಂಪಾಗುತ್ತಿತ್ತು. ಕೋಮಲ ಕಾಗದದಿಂದ ಕಣ್ಣೆತ್ತಲಿಲ್ಲ.