ನರಕದ ದೊರೆಗೆ ನಾಲ್ಕು ಬೇಕು

ನೊಣ ಬೆಂಕಿ ಹೊಳೆಯನ್ನು ದಾಟುತ್ತಿದೆ, ರೆಕ್ಕೆ ಕೂಡ ಬಿಚ್ಚದೆ, ಆರಾಮಾಗಿ ನಡೆದುಕೊಂಡು, ಎಂಥೆಂಥ ವೀರರು ಸುಟ್ಟು ಬೂದಿಯಾದ ಹೊಳೆ ಅದು, ಎಲ್‌ವುಡ್ ಆರು ವರ್ಷದ ಹಿಂದೆ ಕೆಂಪು ಪೆನ್ಸಿಲ್ಲಿನ ಕೊನೆಯ ಚೂರನ್ನು ಉಗುರಲ್ಲಿ ಹಿಡಿದು ಆಟದ ನಕ್ಷೆಯ ಮೇಲೆ ಬರೆದದ್ದು, ಈ ದರಿದ್ರ ನೊಣಕ್ಕೆ ಅದರ ಪರಿವೆಯೇ ಇಲ್ಲ, ಹೋಗು ಮಾರಾಯ, ಹೋಗು, ನಿನ್ನನ್ನು ಇಲ್ಲಿ ಯಾರೂ ಎಣಿಸುವುದಿಲ್ಲ — ನಾಲ್ಕು ಗಂಟೆಗೆ ಎಣಿಕೆ, ಗಂಟೆ ಹೊಡೆದ ಕೂಡಲೇ ಪ್ರೂಯಿಟ್ ಮೇಡಂ ಬಾಗಿಲಲ್ಲಿ ನಿಂತು ಕೈದಿಗಳನ್ನೆಲ್ಲ ಅವರವರ ಕೋಣೆಗೆ ಅಟ್ಟುತ್ತಾಳೆ, ಈಗ ಮೂರೂ ಹತ್ತು, ನಾಳೆ ಬೆಳಿಗ್ಗೆ ಎಂಟಕ್ಕೆ ಟೆರಿಲ್ ಹೊರಗೆ, ಒಂಬತ್ತು ವರ್ಷ ಮುಗಿಯಿತು, ಉಳಿದಿರುವುದು ಐವತ್ತು ನಿಮಿಷ, ಅಷ್ಟರೊಳಗೆ ಗಾರ್ವೆಥ್ ಸೋಲಬೇಕು. ಗಾರ್ವೆಥ್ ಎಂದರೆ ಏಳನೆಯ ನರಕದ ದೊರೆ, ಸೈತಾನರಿಗೆಲ್ಲ ಸೈತಾನ, ಆಡಿದ ಮಾತನ್ನು ಅಕ್ಷರ ಬಿಡದೆ ನಡೆಸುವವನು, ಅದಕ್ಕೇ ಅವನೆದುರು ಬಾಯಿ ಬಿಡಲು ಎಲ್ಲರಿಗೂ ಭಯ. ಹುಟ್ಟಿದ್ದು ಮಾತ್ರ ಓಹಾಯೋದ ಈ ಜೈಲಿನ ಹಾಲ್‌ನಲ್ಲಿ, ಇದೇ ಮೇಜಿನ ಮೇಲೆ, ಎಲ್‌ವುಡ್‌ನ ಬೋಳು ತಲೆಯಿಂದ. ಆಟ ನಡೆಸುವವನು ಎಲ್‌ವುಡ್, ಕಥೆ ಅವನದು, ರಾಕ್ಷಸರೆಲ್ಲ ಅವನ ಬಾಯಲ್ಲಿ. ಎದುರಿಗೆ ಕೂತವರು ವೀರರು — ಆಟದಲ್ಲಿ ಟೆರಿಲ್ ಹಗ್ಗದ ಮೇಲೆ ನಡೆಯುವ ಕಳ್ಳ, ಡ್ವೇನ್ ಮುನ್ನೂರು ವರ್ಷದ ಚೆಲುವೆ, ಕಾಡಿನ ರಾಜಕುಮಾರಿ, ಸದ್ಯ ಚಿಪ್ಸ್ ಚೀಲದೊಳಗೆ ಬಿಸಿನೀರು ಸುರಿದು ನೂಡಲ್ಸ್ ಬೇಯಿಸುತ್ತ ಕೂತಿದ್ದಾಳೆ, ಹೊಟ್ಟೆ ಮೇಜಿಗೆ ತಾಗುತ್ತಿದೆ. ಏನ್ ಪಾಪ್ಸ್, ನಿದ್ದೆ ಬಂತಾ, ದೊರೆ ಕುರ್ಚೀಲಿ ಕೂತು ಎಷ್ಟೊತ್ತಾಯ್ತು, ಏನಾದ್ರೂ ಹೇಳ್ತಾನಾ ಇಲ್ಲಾ ನಾನು ತಿಂದು ಮುಗಿಸ್ಲಾ — ಇವನ ಬಾಯಿಗಿಷ್ಟು, ಪಾಪ್ಸ್ ಅಂದರೆ ಎಲ್‌ವುಡ್, ವಯಸ್ಸಾದವನೆಂದು ಇಲ್ಲಿ ಎಲ್ಲರೂ ಹಾಗೇ ಕರೆಯುವುದು. ಹೇಳ್ತಾನೆ, ತಡ್ಕೋ. ಎಲ್‌ವುಡ್ ದನಿ ತಗ್ಗಿಸಿದ.

ಗಾರ್ವೆಥ್ ಯಾವತ್ತೂ ಕೂಗುವುದಿಲ್ಲ, ಮೆತ್ತಗೆ ಮಾತಾಡುತ್ತಾನೆ, ಆ ದನಿ ಒಬ್ಬ ಜಡ್ಜ್‌ನದು, ಮೂವತ್ತನಾಲ್ಕು ವರ್ಷದ ಹಿಂದಿನದು, ಕನ್ನಡಕ ಒರೆಸಿಕೊಳ್ಳುತ್ತ ಎಷ್ಟು ಮೆತ್ತಗೆ ಹೇಳಿದ್ದ, ಜೀವಾವಧಿ, ಬಿಡುಗಡೆಯ ಅವಕಾಶವಿಲ್ಲ, ಎಲ್‌ವುಡ್‌ಗೆ ಮೊದಲು ಕೇಳಿಸಲೇ ಇಲ್ಲ, ಪಕ್ಕದ ವಕೀಲನನ್ನು ಏನಂದ್ರು ಎಂದು ಕೇಳಿದ್ದ. ಬಾರಿನ ಹಿಂದುಗಡೆ ಒಬ್ಬ ಮನುಷ್ಯ ಬಿದ್ದಿದ್ದ, ಬೀಳಿಸಿದ ಕೈ ಇದೇ, ಅದಕ್ಕೆ ಸಮಜಾಯಿಷಿ ಇಲ್ಲ, ಈಗ ಹುಡುಕುವುದೂ ಇಲ್ಲ — ಇದೇ ಕೈ ಈಗ ಚಕ್ರವನ್ನು ಮೇಜಿನ ನಡುವೆ ಇಡುತ್ತಿದೆ. ಇಲ್ಲಿ ದಾಳ ಇಟ್ಟುಕೊಳ್ಳುವ ಹಾಗಿಲ್ಲ, ಕಂಡರೆ ಜೂಜು ಎಂದು ಕಿತ್ತುಕೊಂಡು ಹೋಗುತ್ತಾರೆ, ಅದಕ್ಕೇ ಚಕ್ರ, ನೋಟ್‌ಪ್ಯಾಡಿನ ಹಿಂದಿನ ರಟ್ಟು, ಪೆನ್ನಿನಲ್ಲಿ ಗೀಚಿದ ಇಪ್ಪತ್ತು ಮನೆ, ನಡುವೆ ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ನೆಟ್ಟಗೆ ಮಾಡಿ ಸಿಕ್ಕಿಸಿದ ಮುಳ್ಳು, ಬೆರಳಿನಿಂದ ಚಿಮ್ಮಿದರೆ ತಿರುಗುತ್ತದೆ, ನಿಂತ ಮನೆಯೇ ಹಣೆಬರಹ. ಮೂರರ ಮನೆಯಲ್ಲಿ ಒಂದು ಉಬ್ಬು. ಒಂಬತ್ತು ವರ್ಷದ ಹಿಂದೆ ಕಾಫಿ ಚೆಲ್ಲಿ ಎದ್ದ ಉಬ್ಬು, ಚೆಲ್ಲಿದವನು ಟೆರಿಲ್, ಹತ್ತೊಂಬತ್ತು ತುಂಬಿದ್ದ, ಬಂದು ಎರಡು ತಿಂಗಳಾದರೂ ಬಾಯಿಗೆ ಬೀಗ, ಕರೆದು ಕೂರಿಸಿದರೆ ಮೊಣಕೈ ತಗುಲಿ ಲೋಟವೇ ಉರುಳಿತು, ಎಲ್ಲರೂ ಬೈದರು, ಅವನು ತನ್ನ ಅಂಗಿಯ ತೋಳಿನಿಂದ ರಟ್ಟನ್ನು ಒರೆಸಿದ, ಒರೆಸಿದ, ಬಿಡೋ ಸಾಕು, ಒಣಗತ್ತೆ, ನಿನ್ನ ಪಾತ್ರದ ಹೆಸರೇನು ಹೇಳು — ಆಗ ಹೇಳಿದ, ಅವನ ಬಾಯಿಂದ ಎಲ್‌ವುಡ್ ಕೇಳಿದ ಮೊದಲ ಮಾತು ಅದು. ಅಂದಿನಿಂದ ಮುಳ್ಳು ನಿಧಾನವಾದಾಗ ಮೂರರ ಉಬ್ಬಿಗೆ ತಾಗಿ ನಿಂತುಬಿಡುತ್ತದೆ, ಮೂರು ಎಂದರೆ ಸೋಲು, ಹೊಸ ಚಕ್ರ ಮಾಡು ಎಂದು ಡ್ವೇನ್ ಬೊಬ್ಬೆ ಹೊಡೆದ, ಎಲ್‌ವುಡ್ ಮಾಡಲಿಲ್ಲ. ಯಾಕೆಂದರೆ ರಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಒಂದಿಷ್ಟು ಅದುಮಿ ಹಿಡಿದರೆ ಉಬ್ಬು ತಗ್ಗುತ್ತದೆ, ಮುಳ್ಳು ದಾಟಿಕೊಳ್ಳುತ್ತದೆ. ಇದು ಎಲ್‌ವುಡ್‌ಗೆ ಮಾತ್ರ ಗೊತ್ತು. ಟೆರಿಲ್‌ನ ಅಮ್ಮ ತೀರಿಕೊಂಡು ಮಣ್ಣಿಗೆ ಹೋಗಲು ಅವನಿಗೆ ಅನುಮತಿ ಸಿಗದ ವಾರ, ಕಳ್ಳ ಗೋಪುರದ ತುದಿಯಿಂದ ಜಾರಿದ ದಿನ, ಹೆಬ್ಬೆರಳು ಸುಮ್ಮನೆ ಅಂಚಿಗೆ ಹೋಯಿತು, ಹದಿನಾರು ಬಿತ್ತು, ಹುಡುಗ ಬದುಕಿದ, ಮುಖ ಎತ್ತಿ ನಕ್ಕ. ಅಲ್ಲಿಂದ ಶುರು. ನರಕದ ದೊರೆಯೇ ಮೋಸ ಮಾಡುತ್ತಾನೆ, ಸೋಲುವುದಕ್ಕಾಗಿ, ನಾಚಿಕೆಗೇಡು.

ಬಿಡುಗಡೆಯಾದವರು ಇಲ್ಲಿಂದ ಏನನ್ನೂ ಒಯ್ಯುವುದಿಲ್ಲ, ಒಯ್ದರೆ ಅದು ಮತ್ತೆ ಒಳಕ್ಕೆ ಎಳೆದು ತರುತ್ತದೆ ಎಂಬ ನಂಬಿಕೆ, ಚಪ್ಪಲಿ, ರೇಡಿಯೋ, ಕೊನೆಗೆ ಆಟದಲ್ಲಿ ತಮ್ಮ ಪಾತ್ರದ ಹೆಸರು, ಬಲ ಬರೆದಿಟ್ಟ ಹಾಳೆ ಕೂಡ ಬಿಟ್ಟು ಹೋಗುತ್ತಾರೆ, ಎಲ್‌ವುಡ್‌ನ ಹಾಸಿಗೆಯ ಕೆಳಗೆ ಹನ್ನೊಂದು ಹಾಳೆ ಇವೆ, ಹನ್ನೊಂದು ವೀರರು, ಪತ್ರ ಬರೀತೀನಿ ಪಾಪ್ಸ್, ಖಂಡಿತ ಬರೀತೀನಿ — ಒಬ್ಬನೂ ಬರೆದಿಲ್ಲ, ಬೇಜಾರಿಲ್ಲ, ಹೊರಗೆ ಹೋದವರಿಗೆ ನೂರೆಂಟು ಕೆಲಸ, ಸುಳ್ಳು, ಬೇಜಾರಿದೆ. ಆದರೆ ಹಾಳೆಗಳನ್ನು ಗಾರ್ವೆಥ್ ಕೈಬಿಡಲಿಲ್ಲ, ತನ್ನ ಊರಿನಲ್ಲಿ ಅವರಿಗೆಲ್ಲ ಜಾಗ ಕೊಟ್ಟ, ಒಬ್ಬ ನರಕದ ಹೆಬ್ಬಾಗಿಲು ಕಾಯುತ್ತಾನೆ, ಒಬ್ಬ ಅಲ್ಲಿ ರೊಟ್ಟಿ ಸುಡುತ್ತಾನೆ, ಕುಂಟ ಮಂತ್ರವಾದಿ ಸೈತಾನರ ಮಕ್ಕಳಿಗೆ ಓದು ಬರಹ ಕಲಿಸುತ್ತಾನೆ, ಎಲ್‌ವುಡ್ ಅವರವರ ದನಿಯಲ್ಲೇ ಮಾತಾಡುತ್ತಾನೆ, ಕೆಮ್ಮುವವನು ಕೆಮ್ಮುತ್ತಾನೆ, ಹಾಗೆ ಎಲ್ಲರೂ ಇದ್ದಾರೆ. ನಾಳೆಯಿಂದ ಟೆರಿಲ್‌ನ ಕಳ್ಳನೂ ಇರುತ್ತಾನೆ, ಅವನಿಗೆ ಏನು ಕೆಲಸ ಕೊಡಲಿ, ಗಂಟೆ ಗೋಪುರದ ಹಗ್ಗ ಎಳೆಯುವುದೇ, ಇರಲಿ, ಹತ್ತಿರ ಇರಲಿ, ದೊರೆಯ ಕುರ್ಚಿಯ ಪಕ್ಕದಲ್ಲೇ ಇರಲಿ. ಕಳ್ಳನಿಗೆ ಐದು ವರ್ಷದಿಂದ ಹೆಸರಿಲ್ಲ, ನೀರಲ್ಲಿ ಮುಳುಗಿ ಸತ್ತ ರಾಜಕುಮಾರಿಯನ್ನು, ಅಂದರೆ ಡ್ವೇನ್‌ನನ್ನು ಬದುಕಿಸಲು ಅದನ್ನು ಗಾರ್ವೆಥ್‌ಗೆ ಮಾರಿಕೊಂಡ, ಹೆಸರು ಗಾರ್ವೆಥ್‌ನ ಹಾಳೆಯ ಹಿಂಬದಿಯಲ್ಲಿದೆ, ಇವತ್ತು ಗೆದ್ದರೆ ದೊರೆ ಕೇಳಿದ್ದೊಂದನ್ನು ಕೊಡಬೇಕು, ಹೆಸರು ವಾಪಸ್ ಕೇಳುತ್ತಾನೆ, ಕೊಡುತ್ತೇನೆ, ಹೆಸರಿನ ಜೊತೆ ಕಳ್ಳನ ಹಾಳೆ ನನ್ನ ಹತ್ತಿರ ಉಳಿಯುತ್ತದೆ. ಅಷ್ಟು ಸಾಕು. ಮೂರೂ ನಲವತ್ತು.

ಟೆರಿಲ್ ಮುಳ್ಳನ್ನು ಚಿಮ್ಮಿದ. ಕೊನೆಯ ಏಟು. ಎಲ್‌ವುಡ್‌ನ ಹೆಬ್ಬೆರಳು ಅಂಚಿಗೆ ಹೋಯಿತು, ಹೋಗದೆ ಎಲ್ಲಿಗೆ ಹೋದೀತು, ಮುಳ್ಳು ಒಂದು, ಎರಡು, ಮೂರರ ಮೇಲೆ ಸರಿದು ಹೋಗಿ ಹದಿನೆಂಟರಲ್ಲಿ ನಿಂತಿತು, ಬಿತ್ತು ನೋಡು, ಡ್ವೇನ್ ಮೇಜು ಗುದ್ದಿದ, ನೂಡಲ್ಸ್ ಬೆಂಕಿ ಹೊಳೆಗೆ ಚೆಲ್ಲಿತು, ಪ್ರೂಯಿಟ್ ಮೇಡಂ ಬಾಗಿಲಿಂದ, ಏನ್ರೀ ಅದು ಗಲಾಟೆ, ಏನಿಲ್ಲ ಮೇಡಂ, ಸೈತಾನ ಬಿದ್ದ, ಬಿದ್ರೆ ಮೆತ್ತಗೆ ಬೀಳ್ಲಿ, ಹತ್ತು ನಿಮಿಷ ಇದೆ ಅಷ್ಟೆ. ಗಾರ್ವೆಥ್ ಮಂಡಿಯೂರಿದ, ಮೆತ್ತಗೆ ಹೇಳಿದ, ಹೆಸರಿಲ್ಲದವನೇ, ಗೆದ್ದೆ, ಒಂದು ಕೇಳು. ಹೆಸರು ಕೇಳೋ, ಬೇಗ ಹೆಸರು ಕೇಳು, ಡ್ವೇನ್‌ನ ಬಾಯಿ ತುಂಬ ನೂಡಲ್ಸ್. ಟೆರಿಲ್ ನಕ್ಷೆಯನ್ನೇ ನೋಡುತ್ತಿದ್ದ, ಬಟ್ಟೆ ಒಗೆಯುವ ಕಡೆ ಇಸ್ತ್ರಿ ಯಂತ್ರಕ್ಕೆ ಸಿಕ್ಕಿ ಕಪ್ಪಾದ ಹೆಬ್ಬೆರಳಿನ ಉಗುರನ್ನು ಇನ್ನೊಂದು ಕೈಯಿಂದ ಉಜ್ಜುತ್ತ, ಆಮೇಲೆ ಹೇಳಿದ, ನೀನೂ ಬಾ. ಯಾರು? ನೀನೇ, ಗಾರ್ವೆಥ್, ಬಾಗಿಲು ತೆಗೆದಿದೆಯಲ್ಲ, ನನ್ನ ಜೊತೆ ಹೊರಗೆ ಬಾ.

ಎಲ್‌ವುಡ್‌ಗೆ ಗಾರ್ವೆಥ್‌ನ ದನಿ ಸಿಗಲಿಲ್ಲ, ಸಿಕ್ಕಿದ್ದು ತನ್ನದೇ ಒಡಕು ದನಿ, ಅವನಿಗೆ ಆಗಲ್ಲ ಕಣೋ, ಆ ಕುರ್ಚೀಲೇ ಕೂರ್ತೀನಿ ಅಂತ ಅವನೇ ಸಹಿ ಹಾಕಿದಾನೆ, ಲೋಕ ಮುಗಿಯೋವರೆಗೂ. ಸಹಿ ಹಾಕಿದ್ದು ಗೊತ್ತು ಪಾಪ್ಸ್, ಆದ್ರೆ ಕೇಳಿದ್ದು ಕೊಡ್ತೀನಿ ಅಂತ್ಲೂ ಮಾತು ಕೊಟ್ಟಿದಾನಲ್ಲ, ಯಾವ ಮಾತು ಗೆಲ್ಲುತ್ತೆ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆಲ್ಲ ಚಕ್ರ ಅಂತ ಹೇಳಿದ್ದು ಯಾರು? ನೀನೇ ತಾನೇ. ಅವನ ಹಾಳೆ ನಂಗೆ ಕೊಡು, ನಾನು ಒಯ್ತೀನಿ, ಹೊರಗೆ ನಮ್ಮಕ್ಕನ ಮನೇಲಿ ಮೇಜಿದೆ, ಅಲ್ಲಿ ಕೂರ್ತಾನೆ, ಜೋಳದ ಹೊಲ ನೋಡ್ತಾನೆ. ಹುಚ್ಚು ಮಾತಾಡ್ಬೇಡ, ಎಲ್‌ವುಡ್‌ಗೆ ಸಿಟ್ಟೇ ಬಂತು, ಇಲ್ಲಿಂದ ಏನೂ ಒಯ್ಬಾರ್ದು, ಒಯ್ದೋರು ವಾಪಸ್ ಬರ್ತಾರೆ, ಅಷ್ಟೂ ಗೊತ್ತಿಲ್ವಾ. ಬರ್ತೀನಿ, ಟೆರಿಲ್ ಹೇಳಿದ, ನಿನ್ನ ನೋಡಕ್ಕೆ ಅವ್ರು ಒಳಗೆ ಬಿಡೋ ದಿನ ಬರ್ತೀನಿ, ನೋಡಕ್ಕೆ ಬರೋರ ಬಾಗಿಲಿಂದ, ಒಳ್ಳೆ ಅಂಗಿ ಹಾಕ್ಕೊಂಡು, ದೊರೆ ಹೊರಗೆ ಏನೇನು ಮಾಡಿದ ಅಂತ ನಿಂಗೆ ಹೇಳ್ಬೇಕಲ್ಲ. ಡ್ವೇನ್ ಅಗಿಯುವುದನ್ನು ನಿಲ್ಲಿಸಿದ್ದ. ನಾನು ಇವನನ್ನು ಇಟ್ಟುಕೊಳ್ಳಲು ಕೂತಿದ್ದೆ, ಕುರ್ಚಿಯ ಪಕ್ಕದಲ್ಲಿ, ಇವನು ನನ್ನನ್ನು ಒಯ್ಯಲು ಕೂತಿದ್ದಾನೆ, ಬೇಡವೆನ್ನು ಮುದಿಯ, ಬೇಡವೆಂದುಬಿಡು, ಮೂವತ್ತನಾಲ್ಕು ವರ್ಷದಲ್ಲಿ ಬಾ ಎಂದು ಕರೆದವರು ಯಾರು — ಎಷ್ಟು ಬೀಳ್ಬೇಕು, ಎಲ್‌ವುಡ್ ಕೇಳಿದ. ನಾಲ್ಕು, ಟೆರಿಲ್ ತಡಮಾಡದೆ ಹೇಳಿದ, ನಾಲ್ಕು ಬಿದ್ರೆ ಸಾಕು, ಅದರ ಮೇಲೂ ಸರಿ. ನಾಲ್ಕೇ ಯಾಕೆ, ಐದು ಅನ್ನಬಹುದಿತ್ತು, ಹತ್ತು ಅನ್ನಬಹುದಿತ್ತು, ಎಲ್‌ವುಡ್ ಮುಳ್ಳನ್ನು ಚಿಮ್ಮಿದ, ಚಿಮ್ಮಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ, ಇನ್ನೊಂದು ಕೈಯನ್ನೂ ಇಟ್ಟುಕೊಂಡ, ಗಾರ್ವೆಥ್‌ಗಾಗಿ ಯಾವತ್ತೂ ಅಂಚು ಅದುಮಿದವನಲ್ಲ, ತನಗಾಗಿ ಅದುಮಿಕೊಳ್ಳುವ ಹಕ್ಕು ಈ ಕೈಗಿಲ್ಲ, ಮುಳ್ಳು ಒಂದು ಸುತ್ತು, ಎರಡು ಸುತ್ತು, ಹೊರಗೆ ಬೀಗದ ಕೈಗಳ ಸದ್ದು, ಇನ್ನೊಂದು ಸುತ್ತು, ಹದಿನೈದು, ಹದಿನಾರು, ಸುಸ್ತಾಗುತ್ತಿದೆ, ಹತ್ತೊಂಬತ್ತು, ಅಲ್ಲೇ ನಿಂತುಬಿಡು, ಇಪ್ಪತ್ತು, ನಿಲ್ಲಲಿಲ್ಲ, ಒಂದು, ನನಗೆ ಗೊತ್ತು ಎಲ್ಲಿ ನಿಲ್ಲುತ್ತದೆಂದು, ಅಲ್ಲೇ ನಿಲ್ಲುತ್ತದೆ, ಇವನ ಕಾಫಿಯ ಉಬ್ಬಿಗೆ ತಾಗಿ, ಎರಡು, ಆಯಿತು ಬಿಡು, ಹೋಗಿ ಬಾ ಮಗನೇ — ರಟ್ಟಿನ ಅಂಚಿನ ಮೇಲೆ ಒಂದು ಹೆಬ್ಬೆರಳು. ತನ್ನದಲ್ಲ. ತನ್ನವೆರಡೂ ತೊಡೆಯ ಮೇಲಿವೆ. ಕಪ್ಪು ಉಗುರಿನದು, ಮೆತ್ತಗೆ, ನಿದ್ದೆ ಹೋದವರ ಹಣೆ ಮುಟ್ಟುವಷ್ಟು ಮೆತ್ತಗೆ, ಅಂಚನ್ನು ಅದುಮಿ ಹಿಡಿದಿದೆ, ಹಾಗಾದರೆ ಇವನಿಗೆ ಗೊತ್ತಿತ್ತು, ಗೋಪುರದ ದಿನದಿಂದ, ಮುಖ ಎತ್ತಿ ನಕ್ಕದ್ದು ಅದಕ್ಕೇ, ಇಷ್ಟು ವರ್ಷ ಗೊತ್ತಿದ್ದೂ — ಮೂರು. ಉಬ್ಬಿಲ್ಲ. ಮುಳ್ಳು ನಿಂತಿಲ್ಲ. ಕಪ್ಪು ಉಗುರು. ಮುಳ್ಳು ಇನ್ನೂ ಸರಿಯುತ್ತಿದೆ.