ಮಕ್ಕಳ ಪಾಲಿನ ನಾರುಬಟ್ಟೆ

ಸಾಲೊಂಗೊ ಕಂದು ಬಟ್ಟೆಯ ಗಂಟನ್ನು ಬೆರಳ ತುದಿಯಿಂದ ಎಸೇಜಳ ಕಡೆಗೆ ವಾಪಸು ನೂಕಿದ.

"ತಗೊಂಡು ಹೋಗಮ್ಮ ಇದನ್ನ. ನಮ್ಮಕ್ಕನಿಗೆ ಮಕ್ಕಳಿಲ್ಲ. ಮಕ್ಕಳ ಪಾಲಿನ ಬಟ್ಟೆ ಎಲ್ಲಿಂದ ಬರತ್ತೆ?"

"ನಾನಿದೀನಲ್ಲ ಮಾವ," ಎಂದಳು ಎಸೇಜ. ಮಂಡಿಯೂರಿ ಕೂತಿದ್ದವಳು ತಲೆ ಎತ್ತಲಿಲ್ಲ.

"ಮಾವ ಗೀವ ಅನ್ನಬೇಡ. ನಿನ್ನ ಕುಲ ಯಾವುದು? ನಿನಗೇ ಗೊತ್ತಿಲ್ಲ. ಇವತ್ತು ಬಟ್ಟೆ ಹೊದಿಸ್ತೀಯ, ನಾಳೆ ಬಾಳೆತೋಟದಲ್ಲಿ ಪಾಲು ಕೇಳ್ತೀಯ. ಕುಲದವರಿಗೆ ನಾನೇನು ಹೇಳಲಿ?"

"ನನಗೆ ತೋಟ ಬೇಡ."

"ಇವತ್ತು ಬೇಡ ಅಂತೀಯ."

ಗುಡ್ಡದ ಮೇಲಿನ ಮಕ್ಕಳ ಮನೆಯಲ್ಲಿ, ಹಿಂದಿನ ದಿನ ಬೆಳಗ್ಗೆ, ಒಲೆ ಹಚ್ಚಲು ಬಗ್ಗಿದ ಅವನ ಅಕ್ಕ ನಲುಬೋವ ಮತ್ತೆ ಏಳಲಿಲ್ಲ. ಜೀವಮಾನವೆಲ್ಲ ಅಲ್ಲಿ ಅನಾಥ ಮಕ್ಕಳನ್ನು ಸಾಕಿದವಳು. ಎಸೇಜಳಂತೆ ಅಲ್ಲಿ ಬೆಳೆದವರಿಗೆಲ್ಲ ಅವಳೇ ಅಮ್ಮ. ಮದುವೆಯಾಗಿರಲಿಲ್ಲ, ಹೆತ್ತಿರಲಿಲ್ಲ. ಅಂಥವಳನ್ನು ಮಣ್ಣು ಮಾಡುವುದು ತವರಿನ ತೋಟದಲ್ಲಿ, ತಮ್ಮನ ಯಜಮಾನಿಕೆಯಲ್ಲಿ. ಅದರಲ್ಲಿ ಎರಡು ಮಾತಿರಲಿಲ್ಲ, ಹೆಣವನ್ನು ಅವನ ಮನೆಗೇ ತಂದಿದ್ದರು. ಸಾಲೊಂಗೊ ಎನ್ನುವುದು ಆ ತಮ್ಮನ ಹೆಸರೇನಲ್ಲ, ಅವಳಿ ಮಕ್ಕಳ ಅಪ್ಪನಿಗೆ ಊರು ಕೊಡುವ ಬಿರುದು. ಅವನು ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದ.

ಎಸೇಜ ಗಂಟನ್ನು ಎತ್ತಿಕೊಂಡು ಹೋಗಿ ಗೋಡೆಯ ಬುಡದಲ್ಲಿ ಕೂತಳು. ಮರದ ತೊಗಟೆ ಸುಲಿದು, ಬಡಿದು ಬಡಿದು ತೆಳ್ಳಗೆ ಮಾಡಿದ ನಾರುಬಟ್ಟೆ ಅದು. ಆ ಸೀಮೆಯಲ್ಲಿ ಸತ್ತವರನ್ನು ಅದರಲ್ಲಿ ಸುತ್ತದೆ ಮಣ್ಣಿಗೆ ಇಡುವುದಿಲ್ಲ. ಮೈಗೆ ತಾಗುವಂತೆ ಮೊದಲು ಮಕ್ಕಳು ತಂದದ್ದು, ಅದರ ಮೇಲೆ ಒಡಹುಟ್ಟಿದವರದು, ಕೊನೆಗೆ ನೆಂಟರಿಷ್ಟರದು. ಮಕ್ಕಳ ಬಟ್ಟೆಯಿಲ್ಲದೆ ಹೋದವಳನ್ನು ಊರು ಬೇಗ ಮರೆಯುತ್ತದೆ, ನೆನೆದರೂ ಬಂಜೆಯೆಂದೇ ನೆನೆಯುತ್ತದೆ. ಎಸೇಜಳಿಗೆ ತಡೆಯಲಾಗದೇ ಇದ್ದದ್ದು ಅದು. ಗಂಟನ್ನು ಮಡಿಲಿಗೆ ಎಳೆದುಕೊಂಡಳು.

ಅಂಗಳದಲ್ಲಿ, ಮಕ್ಕಳ ಮನೆಗೆ ಹೊಸದಾಗಿ ಬಂದಿದ್ದ ಇಬ್ಬರು ವಿದೇಶಿ ಹುಡುಗಿಯರು ಬಾಳೆಕಾಯಿ ಸುಲಿಯುತ್ತಿದ್ದರು. ಸಿಪ್ಪೆಯ ಜೊತೆ ಅರ್ಧ ಕಾಯಿಯೂ ಹೋಗುತ್ತಿತ್ತು.

"ನಿಧಾನ ಕಣ್ರಮ್ಮ," ಎಂದಳು ಸಾಲೊಂಗೊನ ಹೆಂಡತಿ. "ಸಿಪ್ಪೆ ಮೇಕೆಗೆ, ಕಾಯಿ ನಮಗೆ. ಇವತ್ತು ಮೇಕೆಗೇ ಹಬ್ಬ ಆಯ್ತಲ್ಲ!"

ಸಾವಿನ ಮನೆಯಾದರೂ ನಾಲ್ಕು ಜನ ನಕ್ಕರು. ಅಮ್ಮ ಇದ್ದಿದ್ದರೆ ಅವಳೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

*

ಮಕ್ಕಳ ಮನೆಗೆ ಸೇವೆಗೆಂದು ಹೊರದೇಶದ ಜನ ಬರುವುದು ತಪ್ಪಿದ್ದೇ ಇಲ್ಲ. ಎರಡು ವಾರಕ್ಕೆ ಬರುವವರು, ತಿಂಗಳಿಗೆ ಬರುವವರು. ಗೋಡೆಗೆ ಬಣ್ಣ ಬಳಿಯುವವರು, ಹಿಂದಿನವರು ಬಳಿದ ಬಣ್ಣದ ಮೇಲೆ ಇನ್ನೊಂದು ಬಣ್ಣ ಬಳಿಯುವವರು. ಒಳ್ಳೆಯವರೇ. ಬಂದ ಗಳಿಗೆಯಲ್ಲೇ ಓಡಿಬಂದ ಮಗುವನ್ನು ಎತ್ತಿ ಎದೆಗವಚಿಕೊಳ್ಳುತ್ತಿದ್ದರು.

ಹಾಗೆ ಎಸೇಜಳನ್ನು ಎತ್ತಿಕೊಂಡವಳು ಡೆನ್ಮಾರ್ಕಿನ ಇಂಗಾ. ಆಗ ಇಂಗಾಗೆ ಇಪ್ಪತ್ತೂ ತುಂಬಿರಲಿಲ್ಲ. ತಿಂಗಳಿಡೀ ಎಸೇಜ ಅವಳ ಸೊಂಟ ಬಿಟ್ಟು ಇಳಿಯಲಿಲ್ಲ. ಆ ತಿಂಗಳಲ್ಲೇ ಒಂದು ದಿನ ಇಂಗಾ ಪೇಟೆಯಲ್ಲಿ ಚೆಂದ ಕಂಡ ಕಂದು ಬಟ್ಟೆಯೊಂದನ್ನು ಕೊಂಡು ತಂದು, ಊಟದ ಮೇಜಿನ ಮೇಲೆ ಹಾಸಿ, ಅದರ ಮೇಲೆ ಹುಟ್ಟುಹಬ್ಬದ ಕೇಕು ಇಟ್ಟಳು. ಹೆಣಕ್ಕೆ ಹೊದಿಸುವ ಬಟ್ಟೆಯ ಮೇಲೆ ಕೇಕು! ಮಕ್ಕಳು ಚೀರಿ ಹೊರಗೆ ಓಡಿದರು. ಇಂಗಾಳ ಮುಖ ಬಿಳುಚಿತು. ಅಮ್ಮ ಮಾತ್ರ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಜೋಪಾನವಾಗಿ ಮಡಚಿಡು ಮಗಳೇ," ಎಂದಳು. "ನಾನು ಸತ್ತಾಗ ತಂದು ಹೊದಿಸುವೆಯಂತೆ. ಕೇಕಿನ ಕಲೆ ತೊಳೀಬೇಡ, ದಾರಿಯಲ್ಲಿ ಹಸಿವಾದರೆ ನೆಕ್ತೀನಿ."

ತಿಂಗಳು ತುಂಬಿದ ದಿನ, ಮಕ್ಕಳು ಅತ್ತಾರೆಂದು ಹೆದರಿ ಇಂಗಾ ಬೆಳಕು ಹರಿಯುವ ಮೊದಲೇ ಹೊರಟುಹೋದಳು. ಎಸೇಜ ಗೇಟಿನ ಹತ್ತಿರ ಕೂತಳು. ಮರುದಿನವೂ ಕೂತಳು. ಅನ್ನ ಬಿಟ್ಟಳು, ಮಾತು ಬಿಟ್ಟಳು. ಆಗ ಅಮ್ಮ ಅವಳನ್ನು ಬೆನ್ನಿಗೆ ಕಟ್ಟಿಕೊಂಡಳು. ಕಟ್ಟಿಕೊಂಡೇ ನೀರು ತಂದಳು, ಸೌದೆ ಒಡೆದಳು, ಬಾಳೆಕಾಯಿ ಸುಲಿದಳು. ಎಸೇಜ ಬೆನ್ನಿಗೆ ಕಟ್ಟುವ ವಯಸ್ಸಿನವಳಲ್ಲ. ಅಮ್ಮ ಕುಳ್ಳಿ, ಬಗ್ಗಿದಾಗಲೆಲ್ಲ ಹುಡುಗಿಯ ಕಾಲು ನೆಲಕ್ಕೆ ತಾಗುತ್ತಿತ್ತು. "ಕತ್ತೆಯನ್ನು ಹೊತ್ತಿದೀಯಲ್ಲೇ!" ಎಂದು ಅಕ್ಕಪಕ್ಕದವರು ಆಡಿಕೊಂಡರೆ, "ಕತ್ತೆಗೆ ಸುಸ್ತಾಗಿದೆ," ಎನ್ನುತ್ತಿದ್ದಳು. ಎಸೇಜ ತಾನಾಗಿ ಇಳಿಯುತ್ತೇನೆ ಎನ್ನುವವರೆಗೂ ಇಳಿಸಲಿಲ್ಲ.

ಅಂದಿನಿಂದ ಬಂದವರಿಗೆಲ್ಲ ಅಮ್ಮ ಗೇಟಿನಲ್ಲೇ ಹೇಳಿಬಿಡುತ್ತಿದ್ದಳು: "ಚಾಪೆ ಮೇಲೆ ಕೂತ್ಕೊಳ್ಳಿ. ಮಗು ತಾನಾಗಿ ಬಂದರೆ ಬರಲಿ. ಎತ್ಕೋಬೇಡಿ. ಎತ್ಕೊಳ್ಳೋರು ನೀವು, ನೀವು ವಿಮಾನ ಹತ್ತಿದ ಮೇಲೆ ಸಮಾಧಾನ ಮಾಡೋಳು ನಾನು."

*

ಬಿಸಿಲು ಏರಿತು. ಕೆಂಪು ರಸ್ತೆಯಲ್ಲಿ ಮೋಟಾರ್ ಬೈಕೊಂದು ಬಂದು ನಿಂತಿತು. ಇಳಿದವನು ಬಸ್ ಕಂಡಕ್ಟರ್ ವಸ್ವ. ಅವನೂ ಗುಡ್ಡದ ಮನೆಯಲ್ಲೇ ಬೆಳೆದವನು. ಕಂಕುಳಲ್ಲಿ ಕಂದು ಗಂಟು.

"ನೀನೂ ತಂದ್ಯಾ?" ಎಂದಳು ಎಸೇಜ.

"ತರದೆ ಇರ್ತೀನಾ ಅಕ್ಕ? ಪೇಟೆಯಲ್ಲಿ ಬಟ್ಟೆ ಮುಗಿದುಹೋಗಿದೆ. ಅಂಗಡಿಯವನು ಕೇಳ್ತಾನೆ, ಯಾವ ರಾಜ ಸತ್ತನಪ್ಪಾ ಅಂತ."

ಎಸೇಜಳಿಗೆ ಆ ಮಾತು ಪೂರ್ತಿ ಅರ್ಥವಾದದ್ದು ರಸ್ತೆಯ ಕಡೆ ನೋಡಿದಾಗ. ಗುಡ್ಡದ ತಿರುವಿನಿಂದ ಜನ ಇಳಿದು ಬರುತ್ತಿದ್ದರು. ನರ್ಸ್ ಉಡುಪಿನಲ್ಲೇ ಬಂದ ಹೆಂಗಸು, ಮಗುವನ್ನು ಬೆನ್ನಿಗೆ ಕಟ್ಟಿದ ಬಾಣಂತಿ, ಊರುಗೋಲಿನ ಗಡ್ಡದವನು, ಗಾರೆ ಮೆತ್ತಿದ ಪ್ಯಾಂಟಿನವನು. ಕೆಲವರ ಗುರುತು ಅವಳಿಗೇ ಸಿಗಲಿಲ್ಲ, ಅವಳಿಗಿಂತ ಹಿಂದಿನ ಕಾಲದಲ್ಲಿ ಅಲ್ಲಿ ಬೆಳೆದವರು. ಯಾರೂ ಯಾರಿಗೂ ಹೇಳಿಕಳಿಸಿರಲಿಲ್ಲ. ಎಲ್ಲರ ತಲೆಯ ಮೇಲೂ ಕಂದು ಗಂಟು. ಇಷ್ಟು ಜನರನ್ನು ಆ ಕುಳ್ಳ ಹೆಂಗಸು ಬೆನ್ನಿಗೆ ಕಟ್ಟಿಕೊಂಡಿದ್ದಳೇ?

ಅವರ ನಡುವೆ ಇಂಗಾಳೂ ಇದ್ದಳು. ಈಗ ಅವಳ ಕೂದಲೂ ನರೆತಿದೆ. ನಾಲ್ಕಾರು ವರ್ಷಕ್ಕೊಮ್ಮೆ ಬರುತ್ತಿದ್ದಳು, ಬಂದಾಗಲೆಲ್ಲ ಆ ಹಳೆಯ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ಬರುತ್ತಿದ್ದಳು. "ಇನ್ನೂ ಬೇಕಾಗಿಲ್ಲ, ವಾಪಸು ತಗೊಂಡು ಹೋಗು," ಎಂದು ಅಮ್ಮ ನಗುತ್ತಿದ್ದಳು. ಈ ಸಲ ಬಂದು ವಾರವಾಗಿತ್ತಷ್ಟೆ. ಇಂಗಾ ಸಾಲೊಂಗೊನ ಮುಂದೆ ಮಂಡಿಯೂರಿ ಬಟ್ಟೆಯನ್ನು ಇಟ್ಟಳು. ಮೂಲೆಯಲ್ಲಿ ಕೇಕಿನ ಕಲೆ ಹಾಗೇ ಇತ್ತು.

"ನಿಮ್ಮಕ್ಕ ತಾ ಅಂದಿದ್ದರು," ಎಂದಳು.

ಸಾಲೊಂಗೊ ಬಟ್ಟೆಯತ್ತ ಕೈ ಚಾಚಿದ. ನೆಂಟರು ತಂದದ್ದನ್ನು ಬೇಡವೆನ್ನುವ ಪದ್ಧತಿಯಿಲ್ಲ. ತೆಗೆದುಕೊಂಡ. ಅಂಗಳ ತುಂಬಿದ ಜನರನ್ನು ನೋಡಿ ಅವನಿಗೊಂದು ದಾರಿ ಹೊಳೆಯಿತು.

"ನೋಡ್ರಪ್ಪಾ, ಜಗಳ ಬೇಡ. ಎಲ್ಲರದ್ದೂ ತಗೋತೀನಿ. ನೆಂಟರ ಪಾಲಿಗೆ ಸೇರಿಸಿ ಕೊಡಿ. ನನ್ನ ಬಟ್ಟೆಯ ಮೇಲೆ ಸುತ್ತಿಸ್ತೀನಿ. ಆಯ್ತಾ?"

ಯಾರೂ ಮುಂದೆ ಬರಲಿಲ್ಲ.

"ಕೊಡಮ್ಮ," ಎಂದ ಎಸೇಜಳಿಗೆ. "ಬೆಳಗ್ಗೆಯಿಂದ ಮಡಿಲಲ್ಲೇ ಇಟ್ಕೊಂಡು ಕೂತಿದೀಯ."

ಎಸೇಜ ಗಂಟನ್ನು ನೋಡಿದಳು. ಕೊಟ್ಟರೆ ಅಮ್ಮನ ಮೇಲೆ ತನ್ನದೊಂದು ಬಟ್ಟೆಯಾದರೂ ಇರುತ್ತದೆ. ಕೊಡದಿದ್ದರೆ ಅದೂ ಇಲ್ಲ.

"ಕೊಡಲ್ಲ ಮಾವ. ನಾನು ನೆಂಟಳಲ್ಲ."

"ಹಠ ಮಾಡಬೇಡ!"

"ನೆಂಟರು ಬಂದು ಹೋಗೋರು. ಅಂಥೋರು ನನ್ನನ್ನೂ ಎತ್ಕೊಂಡಿದ್ರು, ಇಳಿಸಿ ಹೋದ್ರು." ಇಂಗಾ ತಲೆ ತಗ್ಗಿಸಿದಳು. ಎಸೇಜ ಅವಳ ಭುಜದ ಮೇಲೆ ಕೈಯಿಟ್ಟಳು, ಆದರೆ ಮಾತು ನಿಲ್ಲಿಸಲಿಲ್ಲ. "ಅಮ್ಮ ಎತ್ಕೊಂಡಳು, ಇಳಿಸಲೇ ಇಲ್ಲ. ಇವತ್ತು ಅವಳನ್ನ ಗುಂಡಿಗೆ ಇಳಿಸೋ ದಿನ. ಬರೀ ಮೈಯಲ್ಲಿ ಇಳಿಸು ಅಂತೀರಾ? ತೋಟ ನಿಮ್ಮದೇ ಇರಲಿ. ಇವರೆಲ್ಲರ ಮುಂದೆ ಹೇಳ್ತಿದೀನಿ, ಒಂದು ಎಲೆಯೂ ಮುಟ್ಟಲ್ಲ. ಅವಳನ್ನ ಬಂಜೆ ಅಂತ ಮಾತ್ರ ಕಳಿಸಬೇಡಿ."

"ನಂದು ನೆಂಟರ ಪಾಲಿಗೇ ಇರಲಿ," ಎಂದಳು ಇಂಗಾ ಮೆಲ್ಲಗೆ. "ಅದು ಸರಿ. ಮಕ್ಕಳದ್ದು ಮೊದಲು."

ಸಾಲೊಂಗೊ ರಸ್ತೆಯ ಕಡೆ ನೋಡಿದ. ಗುಡ್ಡದ ತಿರುವಿನಲ್ಲಿ ಇನ್ನೂ ಕಂದು ಗಂಟುಗಳು ಇಳಿಯುತ್ತಲೇ ಇದ್ದವು. ಅವನ ಹೆಂಡತಿ ಕೈಯೊರೆಸಿಕೊಂಡು ಎದ್ದು ಬಂದಳು.

"ಎರಡು ಹೆತ್ತದ್ದಕ್ಕೆ ನಮ್ಮಿಬ್ಬರಿಗೆ ಇಷ್ಟು ದೊಡ್ಡ ಬಿರುದು ಕೊಟ್ಟಿದಾರೆ," ಎಂದಳು ಗಂಡನಿಗೆ, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮಕ್ಕನಿಗೆ ಯಾವ ಬಿರುದು ಕೊಡ್ತೀರಿ, ಯೋಚನೆ ಮಾಡಿ."

ಅವನು ತಾನು ತಂದಿಟ್ಟಿದ್ದ ಬಟ್ಟೆಯನ್ನು ಎತ್ತಿಕೊಂಡು, ಇಂಗಾಳ ಬಟ್ಟೆಯ ಜೊತೆ ಪಕ್ಕಕ್ಕೆ ಸರಿಸಿಟ್ಟು, ಬಾಗಿಲಿಗೆ ಅಡ್ಡ ನಿಂತಿದ್ದವನು ಬದಿಗೆ ಸರಿದ.

ಎಸೇಜಳ ಬಟ್ಟೆ ಮೊದಲು ಹೋಯಿತು. ಆಮೇಲೆ ವಸ್ವನದು, ನರ್ಸಿನದು, ಊರುಗೋಲಿನವನದು. ಒಳಗಿನ ಹೆಂಗಸರು ಸುತ್ತಿದರು, ಸುತ್ತಿದರು, ಸುತ್ತುತ್ತಲೇ ಇದ್ದರು. ಸಾಲೊಂಗೊನದೂ ಆಗಿ, ಕಟ್ಟಕಡೆಗೆ ಕೇಕಿನ ಕಲೆಯದು ಹೊದಿಸಿದಾಗ ಹೊತ್ತು ಇಳಿಯುತ್ತಿತ್ತು. ಇಬ್ಬರು ಸಲೀಸಾಗಿ ಎತ್ತಬಹುದಾಗಿದ್ದ ಹೆಂಗಸು ಬಾಗಿಲಲ್ಲಿ ಹಿಡಿಸಲಿಲ್ಲ. ಓರೆ ಮಾಡಿ, ಕದ ಕಿತ್ತು, ಹತ್ತಾರು ಜನ ಹೆಗಲು ಕೊಟ್ಟು ಹೊರಗೆ ತಂದರು. ಅಂಗಳದಲ್ಲಿದ್ದವರು ತಾವಾಗಿ ಎದ್ದು ನಿಂತರು. ಬಾಳೆಕಾಯಿ ಸುಲಿಯುತ್ತಿದ್ದ ಹುಡುಗಿಯರು ಚಾಕು ಕೆಳಗಿಟ್ಟು ಕೈ ಜೋಡಿಸಿದರು.

ಬಾಳೆತೋಟದಲ್ಲಿ ಗುಂಡಿ ತೋಡಿದವರು ಬರುತ್ತಿದ್ದ ಹೊರೆಯನ್ನು ನೋಡಿದರು, ಗುಂಡಿಯನ್ನು ನೋಡಿದರು.

"ಯಜಮಾನರೇ, ಇದು ಸಾಲಲ್ಲ," ಎಂದ ಒಬ್ಬ. "ಒಬ್ಬರಿಗೆ ಅಂತ ತೋಡಿದ್ದು."

ಸಾಲೊಂಗೊ ಕೋಟು ಕಳಚಿ ಬಾಳೆಗಿಡಕ್ಕೆ ನೇತುಹಾಕಿದ. ಬಿಳಿ ನಿಲುವಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಕೆಂಪು ಮಣ್ಣಿನ ಗುಂಡಿಗೆ ತಾನೇ ಇಳಿದ. ಒಳಗಿನಿಂದ ಕೈ ಮೇಲೆ ಚಾಚಿದ.

"ಮಾವ ಅಂತ ಕರೆದೆಯಲ್ಲ," ಎಂದ ಎಸೇಜಳಿಗೆ, ಮುಖ ನೋಡದೆ. "ಆ ಗುದ್ದಲಿ ಕೊಡು ಇಲ್ಲಿ."

ಅವಳು ಕೊಟ್ಟಳು. ಅವನು ಪಕ್ಕದ ಗೋಡೆಗೆ ಏಟು ಹಾಕಿ ಗುಂಡಿಯನ್ನು ಅಗಲ ಮಾಡತೊಡಗಿದ. ಮೇಲೆ, ಹೆಗಲು ಕೊಟ್ಟವರು ಅಮ್ಮನನ್ನು ಕೆಳಗಿಡದೆ ಹಾಗೇ ಎತ್ತಿಕೊಂಡು ನಿಂತಿದ್ದರು.